‘ಇವರಿಗೇನಾಯ್ತು?’: ನೆಚ್ಚಿನ ಬ್ಯಾಂಡ್‌ನ ಆಲ್ಬಮ್ ನಿರಾಸೆ ಮಾಡುವುದು ಯಾಕೆ, ಹೇಗೆ

ಹಾಡಿನ ಹುಚ್ಚಿರುವವರಿಗೆ ಗುರುವಾರ ರಾತ್ರಿ ನಿದ್ದೆ ತಡ. 2015ರ ಜುಲೈನಿಂದ ಜಗತ್ತಿನ ಹೆಚ್ಚಿನ ಕಡೆ ಹೊಸ ಆಲ್ಬಮ್‌ಗಳು ಬರುವುದು ಶುಕ್ರವಾರ. ಗಡಿಯಾರ 12 ಹೊಡೆಯುವುದನ್ನೇ ಕಾದು ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುವವರು ನಮ್ಮಲ್ಲೂ ಇದ್ದಾರೆ. ಮೂರ್ನಾಲ್ಕು ವರ್ಷ ಕಾದಿರುತ್ತಾರೆ. ಮೊದಲ ಹಾಡು ಮುಗಿಯುತ್ತದೆ. ಪರವಾಗಿಲ್ಲ, ಮುಂದಿನದು ಚೆನ್ನಾಗಿರಬಹುದು. ಮೂರನೆಯದೂ ಮುಗಿಯುತ್ತದೆ. ಐದನೆಯದಕ್ಕೆ ಬರುವಷ್ಟರಲ್ಲಿ ಬೆರಳು ತಾನಾಗಿ ಹಳೇ ಆಲ್ಬಮ್ ಕಡೆ ಹೋಗಿರುತ್ತದೆ. ಬೆಳಿಗ್ಗೆ ಗೆಳೆಯರ ವಾಟ್ಸ್ಆಪ್ ಗುಂಪಿನಲ್ಲಿ ಒಂದೇ ಮಾತು: ‘ಇವರಿಗೇನಾಯ್ತು?’

ಸುಮ್ನೆ ಬೇಸರಕ್ಕೆ ಕೇಳುವ ಪ್ರಶ್ನೆ ಇದು. ಆದರೆ ಇದಕ್ಕೆ ಉತ್ತರಗಳಿವೆ. ಕೆಲವು ಉತ್ತರ ಸ್ಟುಡಿಯೋದ ಒಳಗಿವೆ. ಕೆಲವು ಕಂಪನಿಯ ಲೆಕ್ಕದ ಪುಸ್ತಕದಲ್ಲಿವೆ. ಇನ್ನು ಕೆಲವು ಕೇಳುವ ನಮ್ಮ ತಲೆಯೊಳಗೇ ಇವೆ.

ಇವನ್ನೆಲ್ಲ ಬಿಡಿಸಿ ನೋಡಲು ಒಂದು ಒಳ್ಳೆಯ ಉದಾಹರಣೆ ಅಮೆರಿಕದ ಮೆಟಾಲಿಕಾ ಬ್ಯಾಂಡ್. ಬೆಂಗಳೂರಿಗೆ ಇವರು ಹೊಸಬರಲ್ಲ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ನುಡಿಸಿ ಹೋದವರು. ಇವರ 2003ರ ಆಲ್ಬಮ್ ‘ಸೇಂಟ್ ಆ್ಯಂಗರ್’, ಅಭಿಮಾನಿಗಳನ್ನು ನಿರಾಸೆಗೊಳಿಸಿದ ಆಲ್ಬಮ್‌ಗಳ ಮಾತು ಬಂದಾಗಲೆಲ್ಲ ಬರುವ ಹೆಸರು. ಅದಕ್ಕಿಂತ ಮುಖ್ಯವಾಗಿ, ಅದನ್ನು ಮಾಡುವಾಗ ಕೋಣೆಯಲ್ಲಿ ಕ್ಯಾಮೆರಾ ಓಡುತ್ತಿತ್ತು. ಹಾಗಾಗಿ ಒಳಗೆ ಏನಾಯಿತು ಎಂದು ಊಹಿಸುವ ಕಷ್ಟ ನಮಗಿಲ್ಲ.

ಮೊದಲು, ಆಲ್ಬಮ್ ಅಂದ್ರೆ ಏನು?

ಹಾಡುಗಳ ಕಟ್ಟಿಗೆ ‘ಆಲ್ಬಮ್’ ಎಂಬ ಹೆಸರು ಬರಲು ಕಾರಣ ಫೋಟೋ ಆಲ್ಬಮ್ಮೇ. ಹಳೇ ಗ್ರಾಮಫೋನ್ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷ ಹಾಡು, ಅಷ್ಟೇ. ಉದ್ದದ ಸಂಗೀತ ಬೇಕೆಂದರೆ ಐದಾರು ಪ್ಲೇಟು ಕೊಳ್ಳಬೇಕು. ಕಾಗದದ ಜೇಬುಗಳಿದ್ದ, ಫೋಟೋ ಆಲ್ಬಮ್‌ನಂಥದೇ ಪುಸ್ತಕದಲ್ಲಿಟ್ಟು ಅವನ್ನು ಮಾರುತ್ತಿದ್ದರು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ, ಅಂದರೆ ‘ಲಾಂಗ್ ಪ್ಲೇ’ ಪ್ಲೇಟು ತಂದಿತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಜಾಸ್ತಿ. ಐದು ಪ್ಲೇಟಿನ ಕೆಲಸ ಒಂದರಲ್ಲೇ ಮುಗಿಯಿತು. ಪುಸ್ತಕ ಹೋಯಿತು, ಹೆಸರು ಉಳಿಯಿತು.

ಎಲ್‌ಪಿ ಒಂದು ಅಳತೆಯನ್ನೂ ಕೊಟ್ಟಿತು. ಸುಮಾರು 40 ನಿಮಿಷ, ಎಂಟು ಹತ್ತು ಹಾಡು. ಒಮ್ಮೆ ಕೂತು ಊಟ ಮುಗಿಸಿ ಏಳುವಷ್ಟು. 1982ರಲ್ಲಿ ಸಿಡಿ ಬಂದಾಗ ಆ ಅಳತೆ 74 ನಿಮಿಷಕ್ಕೆ ಏರಿತು. ಎಲೆ ದೊಡ್ಡದಿದೆ ಅಂತ ಪಲ್ಯದ ಜಾಗಕ್ಕೂ ಅನ್ನ ಹರಡುವ ಆಸೆ ಆಗಿನಿಂದ ಶುರುವಾಯಿತು. ಹೀಗೆ ಜಾಗ ತುಂಬಲು ಹಾಕಿದ ಹಾಡಿಗೆ ಸಂಗೀತದವರು ‘ಫಿಲ್ಲರ್’ ಎನ್ನುತ್ತಾರೆ.

ನಮ್ಮಲ್ಲಿ ಆಲ್ಬಮ್ ಎಂದರೆ ಹೆಚ್ಚಾಗಿ ಸಿನಿಮಾ ಹಾಡುಗಳೇ. ಸಿನಿಮಾದಿಂದ ಹೊರಗೆ, ಆಲ್ಬಮ್ಮಾಗಿಯೇ ಮನೆಮನೆ ಸೇರಿದ್ದು ಭಾವಗೀತೆಯ ಕ್ಯಾಸೆಟ್‌ಗಳು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದು ಆ ದಾರಿ ತೆರೆಯಿತು. ಈ ವ್ಯತ್ಯಾಸ ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದೇ. ಸಿನಿಮಾ ಹಾಡು ಸಪ್ಪೆಯಾದರೆ ಬೈಯಲು ನಮಗೆ ಬೇಕಾದಷ್ಟು ಜನ ಸಿಗುತ್ತಾರೆ: ನಿರ್ದೇಶಕ ಕೊಟ್ಟ ಸನ್ನಿವೇಶ ಸರಿಯಿಲ್ಲ, ಸಾಹಿತ್ಯ ಸರಿಯಿಲ್ಲ, ನಿರ್ಮಾಪಕರು ಐಟಂ ಹಾಡು ಕೇಳಿದ್ದಾರೆ. ಬ್ಯಾಂಡ್‌ನ ಆಲ್ಬಮ್‌ನಲ್ಲಿ ಆ ಸೌಕರ್ಯ ಇಲ್ಲ. ಮುಖಪುಟದ ಮೇಲೆ ಅವರ ಹೆಸರೊಂದೇ ಇರುತ್ತದೆ. ಹಾಗಾಗಿ ನಿರಾಸೆಯಾದಾಗ ಕೋಪವೂ ನೇರ ಅವರ ಮೇಲೆಯೇ.

ಒಂದು ಡ್ರಮ್ಮಿನ ಪುರಾಣ

ಮೆಟಾಲಿಕಾ ಹುಟ್ಟಿದ್ದು 1981ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಹಾಡುಗಾರ, ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಡ್ರಮ್ಮರ್ ಲಾರ್ಸ್ ಉಲ್ರಿಚ್ ಕಟ್ಟಿದ ತಂಡ. ಇವರದು ಹೆವಿ ಮೆಟಲ್ ಎಂಬ, ಗಿಟಾರ್ ಡ್ರಮ್ಮುಗಳ ಅಬ್ಬರದ ಸಂಗೀತ. 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಆ ಬಗೆಯ ಸಂಗೀತಕ್ಕೆ ಒಂದು ಮಾದರಿಯೇ ಆಯಿತು. ಅದೇ ವರ್ಷ ಸ್ವೀಡನ್ನಿನಲ್ಲಿ ತಂಡದ ಬಸ್ಸು ಮಗುಚಿ ಬೇಸ್ ಗಿಟಾರ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡರು. 1991ರಲ್ಲಿ ಬಂದ, ಬ್ಯಾಂಡಿನ ಹೆಸರನ್ನೇ ಹೊತ್ತ ಕಪ್ಪು ಮುಖಪುಟದ ಆಲ್ಬಮ್ ಅಮೆರಿಕವೊಂದರಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು.

ಹತ್ತು ವರ್ಷ ಕಳೆದು 2001ಕ್ಕೆ ಬಂದರೆ ಚಿತ್ರ ಬೇರೆ. ಬರ್ಟನ್ ಜಾಗಕ್ಕೆ ಬಂದಿದ್ದ ಜೇಸನ್ ನ್ಯೂಸ್ಟೆಡ್ ಜನವರಿಯಲ್ಲಿ ತಂಡ ಬಿಟ್ಟರು. ಹಾಡುಗಳನ್ನು ಕಂಪ್ಯೂಟರಿನಲ್ಲಿ ಉಚಿತವಾಗಿ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಮೇಲೆ ಹಿಂದಿನ ವರ್ಷವಷ್ಟೇ ಕೇಸು ಹಾಕಿ ಬ್ಯಾಂಡ್ ಅಭಿಮಾನಿಗಳ ಸಿಟ್ಟಿಗೂ ಗುರಿಯಾಗಿತ್ತು. ಉಳಿದ ಮೂವರ ನಡುವೆ ಮಾತು ಹಳಸಿತ್ತು. ಜಗಳ ಬಿಡಿಸಲೆಂದೇ ಒಬ್ಬ ಆಪ್ತಸಮಾಲೋಚಕರನ್ನು ತಿಂಗಳಿಗೆ 40,000 ಡಾಲರ್ ಕೊಟ್ಟು ಇಟ್ಟುಕೊಂಡರು. ಜುಲೈನಲ್ಲಿ ಹೆಟ್‌ಫೀಲ್ಡ್ ಕುಡಿತ ಬಿಡುವ ಚಿಕಿತ್ಸೆಗೆ ಹೊರಟುಹೋದರು. ತಿಂಗಳುಗಟ್ಟಲೆ ಕೆಲಸ ನಿಂತಿತು. ಮರಳಿ ಬಂದಾಗ ಅವರದೊಂದು ಷರತ್ತು ಇತ್ತು: ಕೆಲಸ ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ. ಅವರು ಇಲ್ಲದಾಗ ಉಳಿದವರು ರೆಕಾರ್ಡಿಂಗ್ ಕೇಳುವುದೂ ಬೇಡ. ಇದೆಲ್ಲ 2004ರ ಸಾಕ್ಷ್ಯಚಿತ್ರವೊಂದರಲ್ಲಿ ಇದ್ದಹಾಗೇ ಸೆರೆಯಾಗಿದೆ. ಸರ್ಕಾರಿ ಕಚೇರಿಯ ಊಟದ ವಿರಾಮದ ಜಗಳವನ್ನು ನೆನಪಿಸುವ ದೃಶ್ಯಗಳೂ ಅದರಲ್ಲಿವೆ.

ಹಾಡು ಕಟ್ಟುವ ಪದ್ಧತಿಯೂ ಬದಲಾಯಿತು. ಮೊದಲು ಹೆಟ್‌ಫೀಲ್ಡ್ ಮತ್ತು ಉಲ್ರಿಚ್ ಇಬ್ಬರೇ ಕೂತು ತುಣುಕುಗಳನ್ನು ಆರಿಸಿ, ಜೋಡಿಸಿ, ಹಾಡಿನ ಹಂದರ ಮುಗಿಸಿದ ಮೇಲಷ್ಟೇ ಸ್ಟುಡಿಯೋಗೆ ಹೋಗುತ್ತಿದ್ದರು. ಈ ಸಲ ಎಲ್ಲರೂ ಒಂದೇ ಕೋಣೆಯಲ್ಲಿ ಸೇರಿ ತೋಚಿದ್ದು ನುಡಿಸಿದರು. ಅದರಲ್ಲಿ ಚೆನ್ನಾಗಿದ್ದುದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸಿದರು. ಬೇಸ್ ನುಡಿಸಿದ್ದು ಪ್ರೊಡ್ಯೂಸರ್ ಬಾಬ್ ರಾಕ್. (ಸಿನಿಮಾದಲ್ಲಿ ಪ್ರೊಡ್ಯೂಸರ್ ಎಂದರೆ ದುಡ್ಡು ಹಾಕುವವರು. ಸಂಗೀತದಲ್ಲಿ ಹಾಗಲ್ಲ. ಯಾವ ಹಾಡು ಇರಲಿ, ಯಾವುದು ಬೇಡ, ಗಿಟಾರ್ ಎಷ್ಟು ಕೇಳಬೇಕು ಎಂದೆಲ್ಲ ಹೇಳುವ ಇವರು ಸಿನಿಮಾ ನಿರ್ದೇಶಕರಿಗೆ ಹತ್ತಿರ.) ಮೆಟಾಲಿಕಾ ಹಾಡಿನಲ್ಲಿ ಜನ ಕಾಯುವುದೇ ಕರ್ಕ್ ಹ್ಯಾಮೆಟ್ ನುಡಿಸುವ ಗಿಟಾರ್ ಸೋಲೋಗೆ, ಅಂದರೆ ಹಾಡು ನಿಂತು ಗಿಟಾರ್ ಒಂದೇ ಮುಂದೆ ಬರುವ ಭಾಗಕ್ಕೆ. ಇಡೀ ಆಲ್ಬಮ್‌ನಲ್ಲಿ ಅಂಥದ್ದು ಒಂದೂ ಇಲ್ಲ. 11 ಹಾಡು, 75 ನಿಮಿಷ, ಸೋಲೋ ಸೊನ್ನೆ.

ಇನ್ನು ಡ್ರಮ್ಮು. ಡ್ರಮ್ ಸೆಟ್ಟಿನಲ್ಲಿ ವಾದಕನ ಮುಂದೆ ಮೊಣಕಾಲ ಹತ್ತಿರ ಇರುವುದು ಸ್ನೇರ್ ಡ್ರಮ್. ಅದರ ಕೆಳಗಿನ ಚರ್ಮಕ್ಕೆ ಸಣ್ಣ ಸುರುಳಿ ತಂತಿಗಳು ತಾಗಿಕೊಂಡಿರುತ್ತವೆ. ಬಡಿದಾಗ ಅವು ಅದುರಿ ‘ಛಟ್’ ಎಂಬ ಚುರುಕಾದ ಸದ್ದು ಬರುತ್ತದೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ಒಂದೆಳೆ ದಾರ ಇಡುತ್ತಾರಲ್ಲ, ಹಾಗೆ ಅಂದುಕೊಳ್ಳಿ. ದಾರ ಇದ್ದರೆ ಜೇಂಕಾರ. ತೆಗೆದರೆ ತಂತಿ ಸುಮ್ನೆ ‘ಟಣ್’ ಎನ್ನುತ್ತದೆ. ಸ್ನೇರಿನ ತಂತಿಗಳನ್ನು ಒಂದು ಚಿಕ್ಕ ಹಿಡಿಕೆಯಿಂದ ಸಡಿಲ ಮಾಡಬಹುದು. ಉಲ್ರಿಚ್ ಹಾಗೆ ಸಡಿಲ ಮಾಡಿಯೇ ನುಡಿಸಿದರು. ಖಾಲಿ ತಪ್ಪಲೆ ಬಡಿದಂಥ ಆ ಸದ್ದನ್ನು 75 ನಿಮಿಷ ಕೇಳಿದ ಅಭಿಮಾನಿಗಳು ಮಾಡದ ತಮಾಷೆ ಇಲ್ಲ.

ಆದರೆ ಅದು ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ಹೊಳಪು ಕೊಟ್ಟ ಹಾಡು ಬೇಡ, ಶೆಡ್ಡಿನಲ್ಲಿ ಹುಡುಗರು ಸೇರಿ ಬಾರಿಸಿದ ಹಾಗಿರಲಿ ಎನ್ನುವುದು ಅವರ ಯೋಚನೆ. ಉಲ್ರಿಚ್ ಆ ಸದ್ದನ್ನು ಮುಂದೆಯೂ ಸಮರ್ಥಿಸಿಕೊಂಡರು. ಅಮೆರಿಕದ ಪಟ್ಟಿಯಲ್ಲಿ ಆಲ್ಬಮ್ ಮೊದಲ ಸ್ಥಾನಕ್ಕೇ ಬಂತು. ಅದರ ಶೀರ್ಷಿಕೆ ಹಾಡಿಗೆ 2004ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಸಿಕ್ಕಿತು. ಆದರೂ ಅದರ ಹಾಡುಗಳನ್ನು ಬ್ಯಾಂಡ್ ವೇದಿಕೆಯಲ್ಲಿ ನುಡಿಸುವುದು ಅಪರೂಪ.

ಅಂದರೆ ನಿರಾಸೆಗೂ ಸೋಲಿಗೂ ವ್ಯತ್ಯಾಸ ಇದೆ. ಸೋಲನ್ನು ಮಾರಾಟದಲ್ಲಿ ಎಣಿಸಬಹುದು. ನಿರಾಸೆ ಎಂದರೆ ಕಾದಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಅಂತರ. ಅದರ ಒಂದು ತುದಿ ಕಲಾವಿದರ ಕೈಯಲ್ಲಿದ್ದರೆ ಇನ್ನೊಂದು ನಮ್ಮ ಕೈಯಲ್ಲಿ.

ಮಾವಿನ ಮರ ಒಂದು ವರ್ಷ ಜೋರಾಗಿ ಬಿಟ್ಟರೆ

ಮೊದಲ ಆಲ್ಬಮ್ ಬರೆಯಲು ಇಡೀ ಜೀವನ ಇರುತ್ತದೆ, ಎರಡನೆಯದಕ್ಕೆ ಆರು ತಿಂಗಳು ಎಂಬ ಮಾತು ಸಂಗೀತದವರ ನಡುವೆ ಹಳತು. ಹೊಸ ಬ್ಯಾಂಡಿನ ಬಳಿ ಹದಿನೆಂಟರ ವಯಸ್ಸಿನಿಂದ ಕೂಡಿಟ್ಟ ಹಾಡುಗಳಿರುತ್ತವೆ. ಚಿಕ್ಕ ಚಿಕ್ಕ ಕಡೆ ನುಡಿಸಿ, ಜನ ಎಲ್ಲಿ ತಲೆದೂಗಿದರು, ಎಲ್ಲಿ ಎದ್ದು ಹೋದರು ಎಂದು ನೋಡಿ ತಿದ್ದಿದ ಹಾಡುಗಳು. ಮೊದಲ ಆಲ್ಬಮ್‌ಗೆ ಅವುಗಳಲ್ಲಿ ಒಳ್ಳೆಯವೆಲ್ಲ ಹೋಗುತ್ತವೆ. ಆಲ್ಬಮ್ ಗೆದ್ದರೆ ವರ್ಷಗಟ್ಟಲೆ ಊರೂರು ಪ್ರವಾಸ. ಮರಳಿ ಬಂದಾಗ ಚೀಲ ಖಾಲಿ, ಕಂಪನಿಗೆ ಮಾತ್ರ ಆತುರ.

ಮಾವಿನ ತೋಟದವರಿಗೆ ಇದು ಗೊತ್ತಿರುವ ಸಂಗತಿ. ಒಂದು ವರ್ಷ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟ ಮರ ಮರುವರ್ಷ ಸುಮಾರು. ಕೂಡಿಟ್ಟ ಸಾರವೆಲ್ಲ ಖರ್ಚಾಗಿರುತ್ತದೆ.

ಹಾಗಂತ ನಿಧಾನ ಮಾಡಿದರೆ ಸರಿಹೋಗುತ್ತದೆ ಎಂದೂ ಇಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ದಿ ಸ್ಟೋನ್ ರೋಸಸ್ ಬ್ಯಾಂಡಿನ ಮೊದಲ ಆಲ್ಬಮ್ 1989ರಲ್ಲಿ ಬಂತು. ಹಳೇ ಕಂಪನಿಯ ಜೊತೆ ಕೋರ್ಟು ಕಚೇರಿ ಎಂದು ಅಲೆದು, ಎರಡನೆಯದು ಬರುವಾಗ 1994ರ ಡಿಸೆಂಬರ್. ಆ ಐದು ವರ್ಷದಲ್ಲಿ ಇಂಗ್ಲೆಂಡಿನ ಸಂಗೀತದ ಗಾಳಿಯೇ ತಿರುಗಿತ್ತು.

ಸರಾಸರಿಯ ಲೆಕ್ಕ

ಈಗ ಸ್ವಲ್ಪ ಗಣಿತ. ಹೆದರಬೇಡಿ, ಕ್ರಿಕೆಟ್ಟಿನ ಲೆಕ್ಕವೇ.

ಒಬ್ಬ ಬ್ಯಾಟರ್ ಒಂದು ಪಂದ್ಯದಲ್ಲಿ 180 ಹೊಡೆದ ಎನ್ನಿ. ಮುಂದಿನ ಪಂದ್ಯದಲ್ಲಿ ಅವನು 180ಕ್ಕಿಂತ ಕಡಿಮೆ ಹೊಡೆಯುತ್ತಾನೆ ಎಂದು ಕಣ್ಣುಮುಚ್ಚಿ ಪಂಥ ಕಟ್ಟಬಹುದು. ಅವನ ಆಟ ಕೆಟ್ಟಿತು ಎಂದಲ್ಲ. 180 ಆದ ದಿನ ಅವನ ಕೈಚಳಕದ ಜೊತೆ ಅದೃಷ್ಟವೂ ಸೇರಿತ್ತು: ಪಿಚ್ ಒಗ್ಗಿತು, ಒಂದು ಕ್ಯಾಚ್ ಬಿಟ್ಟರು. ಕೈಚಳಕ ಮರುದಿನವೂ ಇರುತ್ತದೆ, ಅದೃಷ್ಟ ಅಷ್ಟೇ ಪ್ರಮಾಣದಲ್ಲಿ ಮತ್ತೆ ಬರುವುದು ಕಷ್ಟ. ಹಾಗಾಗಿ ಅಂಕಿ ಅವನ ಎಂದಿನ ಮಟ್ಟದ ಕಡೆಗೆ ಇಳಿಯುತ್ತದೆ. ಇದಕ್ಕೆ ‘ಸರಾಸರಿಗೆ ಮರಳುವುದು’ ಎನ್ನುತ್ತಾರೆ. 1886ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಇದನ್ನು ಅಪ್ಪ ಅಮ್ಮ ಮತ್ತು ಮಕ್ಕಳ ಎತ್ತರ ಅಳೆದು ತೋರಿಸಿದರು. ತುಂಬಾ ಎತ್ತರದವರ ಮಕ್ಕಳು ಎತ್ತರವೇ, ಆದರೆ ಸಾಮಾನ್ಯವಾಗಿ ಅಪ್ಪ ಅಮ್ಮನಷ್ಟಲ್ಲ.

ಆಲ್ಬಮ್ಮಿಗೂ ಇದೇ ಲೆಕ್ಕ. ಇದರಲ್ಲೊಂದು ಮರೆಯಾದ ಗಂಟಿದೆ. ಒಂದು ಬ್ಯಾಂಡ್ ನಮ್ಮ ‘ನೆಚ್ಚಿನದು’ ಆಗುವುದೇ ಯಾವಾಗ? ಅದರ 180 ರನ್ನಿನ ದಿನವನ್ನು ಕಂಡ ಮೇಲೆ. ಸಾಧಾರಣ ಆಲ್ಬಮ್ ಕೇಳಿ ಯಾರೂ ಅಭಿಮಾನಿಯಾಗುವುದಿಲ್ಲ. ಅಂದರೆ ನಾವು ಒಳಗೆ ಬರುವುದೇ ಶಿಖರದ ಮೇಲೆ. ಅಲ್ಲಿಂದ ಎತ್ತ ಹೆಜ್ಜೆ ಇಟ್ಟರೂ ಹೆಚ್ಚಾಗಿ ಇಳಿಜಾರೇ.

ನನಗಂತೂ ಈ ಲೆಕ್ಕ ಅರ್ಥವಾದ ಮೇಲೆ ಬ್ಯಾಂಡುಗಳ ಮೇಲಿನ ಅರ್ಧ ಸಿಟ್ಟು ಇಳಿಯಿತು. ಇನ್ನರ್ಧ ಇಳಿದಿಲ್ಲ. ಆ ಡ್ರಮ್ಮಿಗೆ ಸರಾಸರಿ ಕಾರಣ ಅಲ್ವಲ್ಲ!

ಹಾಡು ಚೆನ್ನಾಗಿದೆ, ಕೇಳಲು ಆಗುವುದಿಲ್ಲ

ಕೆಲವೊಮ್ಮೆ ಹಾಡಿನಲ್ಲಿ ತಪ್ಪಿರುವುದಿಲ್ಲ. ಕೆಡುವುದು ಕೊನೆಯ ಹಂತದಲ್ಲಿ.

ರೆಕಾರ್ಡಿಂಗ್ ಆದ ಮೇಲೆ ಎರಡು ಕೆಲಸ ಉಳಿದಿರುತ್ತವೆ. ಮೊದಲನೆಯದು ಮಿಕ್ಸಿಂಗ್. ಹಾಡಿನ ದನಿ, ಗಿಟಾರ್, ಡ್ರಮ್ ಬೇರೆಬೇರೆಯಾಗಿ ದಾಖಲಾಗಿರುತ್ತವೆ, ಯಾವುದು ಎಷ್ಟು ಎಂದು ಬೆರೆಸುವುದು ಇದು. ಸಾರಿಗೆ ಉಪ್ಪು, ಹುಳಿ, ಖಾರ ಹದ ಮಾಡಿದಂತೆ. 1988ರ ಮೆಟಾಲಿಕಾ ಆಲ್ಬಮ್‌ನಲ್ಲಿ ಬೇಸ್ ಗಿಟಾರನ್ನು ಎಷ್ಟು ಕಡಿಮೆ ಇಟ್ಟರೆಂದರೆ ಅದು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಎರಡನೆಯದು ಮಾಸ್ಟರಿಂಗ್. ಎಲ್ಲ ಹಾಡುಗಳನ್ನೂ ಒಂದು ಮಟ್ಟಕ್ಕೆ ತಂದು, ಸಿಡಿಗೋ ಮೊಬೈಲಿಗೋ ಒಗ್ಗುವಂತೆ ಕೊನೆಯ ಕೈ ಹಾಕುವುದು.

ಜಗಳ ಇರುವುದು ಈ ಮಟ್ಟದ ಬಗ್ಗೆಯೇ. ಒಂದೇ ಹಾಡನ್ನು ಸ್ವಲ್ಪ ಜೋರಾಗಿ ಕೇಳಿಸಿದರೆ ಅದೇ ಚೆನ್ನಾಗಿದೆ ಅನ್ನಿಸುವುದು ನಮ್ಮ ಕಿವಿಯ ಗುಣ. ಹಾಗಾಗಿ ಪಕ್ಕದವರ ಹಾಡಿಗಿಂತ ನಮ್ಮದು ಜೋರಾಗಿರಲಿ ಎಂಬ ಪೈಪೋಟಿ ಹುಟ್ಟಿತು. ಆದರೆ ಸಿಡಿಯಲ್ಲಿ ಸದ್ದಿಗೊಂದು ಮೇಲ್ಮಿತಿ ಇದೆ. ಅದನ್ನು ದಾಟುವ ಹಾಗಿಲ್ಲ. ಆಗ ಮಾಡುವ ಉಪಾಯ ಇದು: ಜೋರಾಗಿರುವ ಜಾಗಗಳನ್ನು ಒತ್ತಿ ತಗ್ಗಿಸುವುದು, ಮೆಲ್ಲಗಿರುವ ಜಾಗಗಳನ್ನು ಎತ್ತುವುದು, ಆಮೇಲೆ ಎಲ್ಲವನ್ನೂ ಸೇರಿಸಿ ಮೇಲ್ಮಿತಿಯ ತನಕ ಏರಿಸುವುದು. ಮೂಟೆಗೆ ಕುಕ್ಕಿ ಕುಕ್ಕಿ ತುಂಬಿದ ಹಾಗೆ. ಈ ಒತ್ತುವ ಕೆಲಸಕ್ಕೆ ‘ಕಂಪ್ರೆಷನ್’ ಎನ್ನುತ್ತಾರೆ. ಹದವಾಗಿ ಬಳಸಿದರೆ ಹಾಡಿಗೆ ಕಸುವು ಬರುತ್ತದೆ. ಮಿತಿ ಮೀರಿದರೆ ಪಿಸುಮಾತು, ಕೂಗು ಎರಡೂ ಒಂದೇ ಎತ್ತರದಲ್ಲಿ ಕೇಳುತ್ತವೆ. ಗಣೇಶನ ಪೆಂಡಾಲಿನ ಸ್ಪೀಕರ್ ಕೆಳಗೆ ಅರ್ಧ ಗಂಟೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ.

2008ರ ಸೆಪ್ಟೆಂಬರಿನಲ್ಲಿ ಮೆಟಾಲಿಕಾ ‘ಡೆತ್ ಮ್ಯಾಗ್ನೆಟಿಕ್’ ತಂದಿತು. ಹೊಸ ಪ್ರೊಡ್ಯೂಸರ್ ರಿಕ್ ರೂಬಿನ್. ಸೋಲೋ ಮರಳಿ ಬಂತು, ಡ್ರಮ್ ಸರಿಹೋಯಿತು, ಹಾಡುಗಳನ್ನು ಹೆಚ್ಚಿನವರು ಮೆಚ್ಚಿದರು. ಆದರೆ ಸಿಡಿ ಕೇಳಿದರೆ ಸದ್ದು ಒಡೆಯುತ್ತಿತ್ತು. ಅದೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಗೇಮಿನಲ್ಲೂ ಬಂದವು. ಗೇಮಿಗೆ ಹೋದದ್ದು ಅಷ್ಟೊಂದು ಒತ್ತದ ಪ್ರತಿ. ಅಭಿಮಾನಿಗಳು ಎರಡನ್ನೂ ಪಕ್ಕದಲ್ಲಿಟ್ಟು ಕೇಳಿದರು. ಆಟದ ಪ್ರತಿಯೇ ಸ್ವಚ್ಛವಾಗಿತ್ತು! ಆಲ್ಬಮನ್ನು ಮತ್ತೆ ಮಿಕ್ಸ್ ಮಾಡಿ ಎಂಬ ಮನವಿಗೆ 10,000ಕ್ಕೂ ಹೆಚ್ಚು ಸಹಿ ಬಿತ್ತು. ಮಾಸ್ಟರಿಂಗ್ ಮಾಡಿದವರು, ತಮ್ಮ ಕೈಗೆ ಬರುವಾಗಲೇ ಅದು ಹಾಗಿತ್ತು ಎಂದರು.

ಈಗ ಸ್ಪಾಟಿಫೈ, ಯೂಟ್ಯೂಬ್‌ಗಳು ತಾವೇ ಎಲ್ಲ ಹಾಡುಗಳ ಸದ್ದನ್ನು ಹತ್ತಿರ ಹತ್ತಿರ ಒಂದೇ ಮಟ್ಟಕ್ಕೆ ತರುತ್ತವೆ. ಜೋರು ಮಾಡಿದ್ದರಿಂದ ಸಿಗುವ ಲಾಭ ಕರಗಿದೆ. ಒತ್ತಿ ಕೆಡಿಸಿದ ಹಾಡು ಮಾತ್ರ ಒತ್ತಿದ ಹಾಗೇ ಉಳಿದಿರುತ್ತದೆ.

ಅಡಿಕೆಗೆ ಮುಂಗಡ ಕೊಟ್ಟರೆ ಎಳ್ಳು ತಂದೆಯಲ್ಲ!

ಕಂಪನಿಗಳು ಕಲಾವಿದರಿಗೆ ಕೊಡುವ ಮುಂಗಡ ಬಹುಮಾನವಲ್ಲ. ಮಂಡಿಯವರು ಬೆಳೆ ಬರುವ ಮೊದಲೇ ರೈತನಿಗೆ ಕೊಡುವ ದುಡ್ಡಿನಂಥದ್ದು. ಮಾರಾಟದಲ್ಲಿ ಕಲಾವಿದನಿಗೆ ಬರಬೇಕಾದ ಪಾಲಿನಿಂದ ಕಂಪನಿ ಮೊದಲು ಅದನ್ನು ಮುರಿದುಕೊಳ್ಳುತ್ತದೆ. ಆದ್ದರಿಂದ ಹೋದ ಸಲ ಮಾರಾಟವಾದ ಮಾಲೇ ಮತ್ತೆ ಬರಲಿ ಎಂದು ಕಂಪನಿ ಬಯಸುವುದು ಸಹಜ. ಅಭಿಮಾನಿಯೂ ಹೆಚ್ಚುಕಡಿಮೆ ಅದನ್ನೇ ಬಯಸುತ್ತಾನೆ. ಕಲಾವಿದನಿಗೆ ಮಾತ್ರ ಅದನ್ನು ನುಡಿಸಿ ನುಡಿಸಿ ಸಾಕಾಗಿರುತ್ತದೆ.

ಇದು ಕೋರ್ಟಿಗೂ ಹೋಗಿದೆ. ಕೆನಡಾ ಮೂಲದ ನೀಲ್ ಯಂಗ್ 1972ರ ‘ಹಾರ್ವೆಸ್ಟ್’ನಂಥ ಆಲ್ಬಮ್‌ಗಳಿಂದ ಮನೆಮಾತಾದವರು. ಗಿಟಾರ್, ಮೌತ್ ಆರ್ಗನ್, ತೆಳು ದನಿ, ಹೊಲದ ಬದಿಯಲ್ಲಿ ಕೂತು ಹಾಡಿದಂಥ ಹಾಡುಗಳು. ಜೆಫನ್ ರೆಕಾರ್ಡ್ಸ್ ಅವರನ್ನು 1980ರ ದಶಕದ ಆರಂಭದಲ್ಲಿ ಸೇರಿಸಿಕೊಂಡಿತು. ಅವರು ಕೊಟ್ಟದ್ದು ‘ಟ್ರಾನ್ಸ್’. ಸಿಂಥಸೈಜರ್ ತುಂಬಿದ, ಮನುಷ್ಯನ ದನಿಯನ್ನು ಯಂತ್ರದ ದನಿಯಾಗಿಸುವ ವೋಕೋಡರ್ ಬಳಸಿದ ಆಲ್ಬಮ್. ಅದರ ಬೆನ್ನಿಗೇ 1950ರ ದಶಕದ ಶೈಲಿಯ, 25 ನಿಮಿಷದ ಇನ್ನೊಂದು. ಕಂಪನಿ 1983ರಲ್ಲಿ ಅವರ ಮೇಲೆ 33 ಲಕ್ಷ ಡಾಲರ್‌ಗೆ ಕೇಸು ಹಾಕಿತು. ದೂರಿನ ಸಾರ ಇಷ್ಟೇ: ಈ ಹಾಡುಗಳು ಮಾರಾಟವಾಗುವಂಥವಲ್ಲ, ನೀಲ್ ಯಂಗ್ ಹಾಡುಗಳ ಹಾಗೂ ಇಲ್ಲ. ನೀಲ್ ಯಂಗ್ ಹಾಡು ನೀಲ್ ಯಂಗ್ ಹಾಡಿನಂತಿಲ್ಲ ಎಂದು ನೀಲ್ ಯಂಗ್ ಮೇಲೆಯೇ ಕೇಸು! ಕೊನೆಗೆ ಕಂಪನಿ ಅದನ್ನು ಕೈಬಿಟ್ಟು ಕ್ಷಮೆಯನ್ನೂ ಕೇಳಿತು.

ಆ ಯಂತ್ರದ ದನಿಯ ಹಿಂದಿನ ಕಾರಣ ಬಹಳ ಜನಕ್ಕೆ ಆಮೇಲೆ ತಿಳಿಯಿತು. ಯಂಗ್ ಅವರ ಒಬ್ಬ ಮಗನಿಗೆ ಮಾತು ಬರುತ್ತಿರಲಿಲ್ಲ. ಅವನ ಜೊತೆ ಹೇಗಾದರೂ ಮಾತಾಡಬೇಕೆಂಬ ತವಕ, ಹೇಳಿದ್ದು ಅರ್ಥವಾಗದ ಸಂಕಟ, ಎರಡೂ ಆ ಹಾಡುಗಳಲ್ಲಿವೆ ಎಂದು ಅವರೇ ಹೇಳಿದ್ದಾರೆ.

ಲೆಕ್ಕದ ಪುಸ್ತಕ ಇನ್ನೊಂದು ವಿಚಿತ್ರವನ್ನೂ ಮಾಡುತ್ತದೆ. ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ 1977ರ ‘ರೂಮರ್ಸ್’ ಕೋಟಿಗಟ್ಟಲೆ ಮಾರಾಟವಾಯಿತು. ಅದನ್ನೇ ಮತ್ತೆ ಮಾಡುವುದಿಲ್ಲ ಎಂದು ಬ್ಯಾಂಡಿನ ಗಿಟಾರ್ ವಾದಕ ಲಿಂಡ್ಸೆ ಬಕಿಂಗ್‌ಹ್ಯಾಮ್ ಹಟ ಹಿಡಿದರು. ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿ, 20 ಹಾಡುಗಳ ‘ಟಸ್ಕ್’ 1979ರಲ್ಲಿ ಬಂತು. ಸುಮಾರು 40 ಲಕ್ಷ ಪ್ರತಿ ಹೋಯಿತು. ಬೇರೆ ಯಾರಿಗಾದರೂ ಅದು ಹಬ್ಬ. ಇವರ ಕಂಪನಿಗೆ ಅದು ಸೋಲು.

ಸ್ಟ್ರೀಮಿಂಗ್ ಬಂದ ಮೇಲೆ ಲೆಕ್ಕದ ರೂಪ ಬದಲಾಗಿದೆ. ಸ್ಪಾಟಿಫೈಯಲ್ಲಿ ಹಾಡು 30 ಸೆಕೆಂಡ್ ಓಡಿದರೆ ಒಂದು ಎಣಿಕೆ. 2014ರ ಕೊನೆಗೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿ, ಒಂದು ಆಲ್ಬಮ್‌ನ ಹಾಡುಗಳನ್ನು 1,500 ಸಲ ಕೇಳಿದರೆ ಒಂದು ಪ್ರತಿ ಮಾರಿದ ಹಾಗೆ ಎಂದು ಎಣಿಸತೊಡಗಿತು. 2018ರಲ್ಲಿ ಈ ಅಂಕಿ ಬದಲಾದರೂ ಒಳಗುಟ್ಟು ಅದೇ: ಹಾಡು ಜಾಸ್ತಿ ಇದ್ದಷ್ಟೂ ಎಣಿಕೆ ಜಾಸ್ತಿ. ಇಪ್ಪತ್ತು ಇಪ್ಪತ್ತೈದು ಹಾಡಿನ ಆಲ್ಬಮ್‌ಗಳು ಯಾಕೆ ಬರುತ್ತಿವೆ ಎಂಬುದಕ್ಕೆ ಇದೂ ಒಂದು ಕಾರಣ. ಎಲೆ ಈಗ ಇನ್ನೂ ದೊಡ್ಡದಾಗಿದೆ.

ಮಂಗನಿಗೆ ಸಿಗದ ಜ್ಯೂಸು

ಇನ್ನು ಕೇಳುವವರ ಕಡೆ ಬರೋಣ.

1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್‌ರಾಮ್ ಶುಲ್ಟ್ಸ್ ಮಂಗಗಳ ಮೇಲೆ ಪ್ರಯೋಗ ಮಾಡಿದರು. ಮಂಗಕ್ಕೆ ದೀಪದಂಥ ಒಂದು ಸೂಚನೆ ತೋರಿಸಿ, ಆಮೇಲೆ ಒಂದು ಹನಿ ಹಣ್ಣಿನ ಜ್ಯೂಸು. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುವ ನರಕೋಶಗಳನ್ನು ಗಮನಿಸುತ್ತಾ ಹೋದರು. ಶುರುವಿನಲ್ಲಿ ಜ್ಯೂಸು ಸಿಕ್ಕಾಗ ಅವು ಚುರುಕಾಗುತ್ತಿದ್ದವು. ಅಭ್ಯಾಸವಾದ ಮೇಲೆ ಸೂಚನೆ ಕಂಡಾಗಲೇ ಚುರುಕಾದವು. ಜ್ಯೂಸು ಸಿಕ್ಕಾಗ ವಿಶೇಷವೇನೂ ಇಲ್ಲ. ಸೂಚನೆ ತೋರಿಸಿ ಜ್ಯೂಸು ಕೊಡದಿದ್ದಾಗ ಮಾತ್ರ ಎಂದಿನ ಮಟ್ಟಕ್ಕಿಂತಲೂ ಕೆಳಗೆ ಕುಸಿದವು. ಅಂದರೆ ಆ ಕೋಶಗಳು ಲೆಕ್ಕ ಇಡುತ್ತಿದ್ದುದು ಜ್ಯೂಸನ್ನಲ್ಲ, ಕಾದಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು.

ಆಲ್ಬಮ್‌ಗೆ ಮೊದಲು ಬರುವ ಟೀಸರ್, ಪೋಸ್ಟರ್, ಒಂದು ಒಳ್ಳೆಯ ಸಿಂಗಲ್ (ಬಿಡಿಯಾಗಿ ಬಿಡುವ ಹಾಡು), ಎಲ್ಲವೂ ಆ ದೀಪವೇ. ಅಪರಿಚಿತ ಬ್ಯಾಂಡಿನ ಸುಮಾರು ಹಾಡು ಖುಷಿ ಕೊಡಬಹುದು. ನೆಚ್ಚಿನವರ ಅದೇ ಮಟ್ಟದ ಹಾಡು ಚುಚ್ಚುತ್ತದೆ.

ದೀಪ ಎಷ್ಟು ಹೊತ್ತು ಉರಿಯಬಹುದು ಎಂಬುದಕ್ಕೆ ಗನ್ಸ್ ಎನ್ ರೋಸಸ್ ಸಾಕ್ಷಿ. 1991ರಲ್ಲಿ ಸ್ವಂತ ಹಾಡುಗಳ ಆಲ್ಬಮ್ ಕೊಟ್ಟ ಇವರು ಮುಂದಿನದನ್ನು, ‘ಚೈನೀಸ್ ಡೆಮಾಕ್ರಸಿ’ಯನ್ನು ಕೊಟ್ಟದ್ದು 2008ರ ನವೆಂಬರಿನಲ್ಲಿ. ಹದಿನೇಳು ವರ್ಷ. ಆ ವರ್ಷವೇ ಆಲ್ಬಮ್ ಬಂದರೆ ಅಮೆರಿಕದವರಿಗೆಲ್ಲ ಒಂದೊಂದು ಕ್ಯಾನ್ ಉಚಿತ ಎಂದು ಡಾ. ಪೆಪ್ಪರ್ ಎಂಬ ತಂಪು ಪಾನೀಯದ ಕಂಪನಿ ತಮಾಷೆಗೆ ಸಾರಿತ್ತು. ಬಂದೇಬಿಟ್ಟಿತು. ಕೂಪನ್ ಪಡೆಯಲು ಜನ ಮುಗಿಬಿದ್ದು ಕಂಪನಿಯ ಜಾಲತಾಣ ಕುಸಿಯಿತು. ಹಾಡಿಗಿಂತ ಈ ಕಥೆಯೇ ಹೆಚ್ಚು ಜನಕ್ಕೆ ನೆನಪಿದೆ. 2012ರ ಡಿಸೆಂಬರಿನಲ್ಲಿ ಈ ಬ್ಯಾಂಡೂ ಬೆಂಗಳೂರಿಗೆ ಬಂದಿತ್ತು.

ನಿರೀಕ್ಷೆ ತಲೆಕೆಳಗಾಗಿಯೂ ಕೆಲಸ ಮಾಡುತ್ತದೆ. ಓಯಸಿಸ್ ಬ್ಯಾಂಡಿನ ‘ಬಿ ಹಿಯರ್ ನೌ’ 1997ರ ಆಗಸ್ಟಿನಲ್ಲಿ ಬಂದಾಗ ಬ್ರಿಟನ್ನಿನಲ್ಲಿ ಮೊದಲ ದಿನವೇ 4 ಲಕ್ಷಕ್ಕೂ ಹೆಚ್ಚು ಪ್ರತಿ ಖಾಲಿ. ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ಆ ಗದ್ದಲ ಇಳಿದ ಮೇಲೆ ಜನ ಮತ್ತೆ ಕೇಳಿದರು. ಅಗತ್ಯಕ್ಕಿಂತ ಉದ್ದದ ಹಾಡುಗಳು, ಒಂದರ ಮೇಲೊಂದು ಹೇರಿದ ಗಿಟಾರುಗಳು. ಹಾಡು ಬರೆದ ನೋಯೆಲ್ ಗ್ಯಾಲಗರ್ ಅವರೇ ನಂತರ ಅದನ್ನು ಹಳಿದರು.

ಕಿವಿ ಒಗ್ಗುವ ತನಕ

1968ರಲ್ಲಿ ಮನೋವಿಜ್ಞಾನಿ ರಾಬರ್ಟ್ ಝಯಾನ್ಸ್ ಒಂದು ಸರಳ ಸಂಗತಿ ತೋರಿಸಿದರು: ಯಾವುದೇ ವಸ್ತು ಮತ್ತೆ ಮತ್ತೆ ಕಣ್ಣಿಗೆ, ಕಿವಿಗೆ ಬೀಳುತ್ತಿದ್ದರೆ ಸಾಕು, ಅದರ ಮೇಲೆ ಒಲವು ಬೆಳೆಯುತ್ತದೆ. ಹಳೇ ಆಲ್ಬಮನ್ನು ನಾವು ನೂರಾರು ಸಲ ಕೇಳಿರುತ್ತೇವೆ, ಅದೂ ಕಾಲೇಜಿನ ವಯಸ್ಸಿನಲ್ಲಿ, ಬಸ್ಸಿನ ಕಿಟಕಿ ಪಕ್ಕ ಕೂತು. ಹೊಸದನ್ನು ಕೇಳಿರುವುದು ಒಂದೇ ಸಲ, ರಾತ್ರಿ 12ಕ್ಕೆ, ನಿದ್ದೆಗಣ್ಣಿನಲ್ಲಿ. ಸ್ಪರ್ಧೆಯೇ ಸಮನಲ್ಲ.

ಹಾಗಾಗಿ ಕೆಲವು ತೀರ್ಪುಗಳು ತಿರುಗುತ್ತವೆ. ವೀಜರ್ ಬ್ಯಾಂಡಿನ 1996ರ ‘ಪಿಂಕರ್ಟನ್’ ಅನ್ನು ರೋಲಿಂಗ್ ಸ್ಟೋನ್ ಪತ್ರಿಕೆಯ ಓದುಗರು ಆ ವರ್ಷದ ತೀರಾ ಕೆಟ್ಟ ಆಲ್ಬಮ್‌ಗಳ ಸಾಲಿಗೆ ಸೇರಿಸಿದ್ದರು. ಅದೇ ಪತ್ರಿಕೆ 2004ರಲ್ಲಿ ಅದಕ್ಕೆ ಐದಕ್ಕೆ ಐದು ನಕ್ಷತ್ರ ಕೊಟ್ಟಿತು. ಹಾಡು ಬದಲಾಗಿರಲಿಲ್ಲ.

ಎಲ್ಲವೂ ಹೀಗೆ ತಿರುಗುವುದಿಲ್ಲ. ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದ ಮರುದಿನವೇ, ಅಮೆರಿಕದ ಹಿರಿಯ ರಾಕ್ ಹಾಡುಗಾರ ಲೂ ರೀಡ್ ಜೊತೆ ಸೇರಿ ಮಾಡಿದ ‘ಲುಲು’ ಯುರೋಪಿನಲ್ಲಿ ಬಿಡುಗಡೆಯಾಯಿತು. ಬೈಗುಳದ ಮಳೆಯೇ ಸುರಿಯಿತು. ಇದು ಲೂ ರೀಡ್ ಅವರ ಅತ್ಯುತ್ತಮ ಕೃತಿ ಎಂದು ಇಂಗ್ಲೆಂಡಿನ ಹಾಡುಗಾರ ಡೇವಿಡ್ ಬೋವಿ ತಮ್ಮ ಬಳಿ ಹೇಳಿದ್ದರೆಂದು ರೀಡ್ ಅವರ ಪತ್ನಿ ಲೋರಿ ಆ್ಯಂಡರ್ಸನ್ 2015ರಲ್ಲಿ ನೆನಪಿಸಿಕೊಂಡರು. ಹೆಚ್ಚಿನ ಅಭಿಮಾನಿಗಳು ಇನ್ನೂ ಒಪ್ಪಿಲ್ಲ.

ಅದೇ 2015ರಲ್ಲಿ ಕೆಲವು ಸಂಗೀತಗಾರರು ಸೇರಿ ‘ಸೇಂಟ್ ಆ್ಯಂಗರ್’ ಅನ್ನು ಮೊದಲಿಂದ ಕೊನೆವರೆಗೂ ತಾವೇ ನುಡಿಸಿ ಅಂತರ್ಜಾಲಕ್ಕೆ ಹಾಕಿದರು. ಸ್ನೇರಿನ ತಂತಿ ಬಿಗಿ ಮಾಡಿ, ಎಲ್ಲರೂ ಬೇಡಿದ್ದ ಸದ್ದಿನಲ್ಲಿ. ಹುಡುಕಿ ಕೇಳಿದೆ. ಅಚ್ಚುಕಟ್ಟಾಗಿದೆ. ಎರಡು ಹಾಡು ಮುಗಿಯುವಷ್ಟರಲ್ಲಿ ಏನೋ ಕಡಿಮೆ ಇದೆ ಅನ್ನಿಸತೊಡಗಿತು. ಹನ್ನೆರಡು ವರ್ಷ ಬೈದುಕೊಂಡೇ ಕೇಳಿದ್ದ ಆ ತಪ್ಪಲೆ ಸದ್ದು ಅದರಲ್ಲಿ ಇರಲಿಲ್ಲ.